ಕುಸುಮಾಳ ಬಲಗೈ

ನಸುಕಿಗೆ ಮುಂಚೆ ಕುಸುಮಾ ನಳದ ನೀರು ಹಿಡಿದಿಡಬೇಕು, ರಾತ್ರಿಯ ಪಾತ್ರೆ ತಿಕ್ಕಬೇಕು, ಅತ್ತೆ ಪಾರವ್ವನಿಗೆ ಬಿಸಿನೀರು ಕಾಯಿಸಬೇಕು, ಹದಿನಾರು ಜೋಳದ ರೊಟ್ಟಿ ಬಡಿಯಬೇಕು, ಮೊದಲ ಪಾಳಿಗೆ ಹೋಗುವ ಗಂಡ ಚನ್ನವೀರನಿಗೆ ಡಬ್ಬಿ ಕಟ್ಟಬೇಕು. ಸಂಜೆಗೆ ಮತ್ತೆ ಹದಿನಾರು, ಯಾಕೆಂದರೆ ಬೆಳಗಿನ ರೊಟ್ಟಿ ಆ ಮನೆಯಲ್ಲಿ ಸಂಜೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಹೀಗೇ ಇಪ್ಪತ್ತೆರಡು ವರ್ಷವಾಯಿತು. ಭೋಸರಿಯ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವಳು ಸಿಸ್ಟರ್. ಮನೆಯವರು ಅದಕ್ಕೆ ‘ಹೊರಗ ಹೋಗಿ ಬರೂದು’ ಅನ್ನುತ್ತಾರೆ.

ಆ ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಸಿಂಧೂರ ಎಂಬ ಮೈಸೂರು ಕಡೆಯ ಬಸುರಿಯ ನೀರಿನ ಚೀಲ ಒಡೆಯಿತು. ಮಗುವಿನ ತಲೆಗಿಂತ ಮೊದಲೇ ಹೊಕ್ಕುಳಬಳ್ಳಿಯ ಒಂದು ಸುರುಳಿ ಕೆಳಗೆ ಜಾರಿತು. ಯಂತ್ರದಲ್ಲಿ ಮಗುವಿನ ಎದೆಬಡಿತ ನೂರಾನಲವತ್ತರಿಂದ ಎಪ್ಪತ್ತಕ್ಕೆ ಬಿತ್ತು. ತಲೆ ಬಳ್ಳಿಯನ್ನು ಒತ್ತಿದಷ್ಟು ಹೊತ್ತು ಮಗುವಿಗೆ ಉಸಿರಿಲ್ಲ. ಕುಸುಮಾ ಡಾಕ್ಟರನ್ನು ಕೂಗಿ ಕರೆದಳು, ಕೈಗವಸು ತೊಟ್ಟಳು, ಸಿಂಧೂರಳನ್ನು ಮಂಡಿಯೂರಿಸಿ ಬಾಗಿಸಿದಳು, ಬೆರಳು ಒಳಗಿಟ್ಟು ಮಗುವಿನ ತಲೆಯನ್ನು ಮೇಲಕ್ಕೆತ್ತಿ ಹಿಡಿದಳು.

ಬೆರಳ ಬದಿಗೆ ಬಳ್ಳಿ ಮಿಡಿಯಿತು. ಮೊದಲು ತಡೆತಡೆದು, ಆಮೇಲೆ ಅಂಗೈಯಲ್ಲಿ ಸಿಕ್ಕ ಗುಬ್ಬಿಯ ಎದೆಯಂತೆ ಒಂದೇ ಸಮನೆ. ಇನ್ನೂ ಹುಟ್ಟದ ಜೀವವೊಂದು ತಾನು ಇದ್ದೇನೆಂದು ಅವಳಿಗೊಬ್ಬಳಿಗೇ ಹೇಳುತ್ತಿತ್ತು.

ಹೊಟ್ಟೆ ಕೊಯ್ದೇ ಮಗುವನ್ನು ತೆಗೆಯಬೇಕಿತ್ತು, ಆದರೆ ಅರಿವಳಿಕೆಯ ಡಾಕ್ಟರು ನಾಶಿಕ್ ಫಾಟಾ ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದರು. ಅವರು ಬರುವವರೆಗೆ ಇಪ್ಪತ್ತಾರು ನಿಮಿಷ ಆ ಕೈ ಅಲ್ಲಾಡುವಂತಿರಲಿಲ್ಲ.

“ಕೈ ತೆಗೀಬೇಡಿ ಸಿಸ್ಟರ್,” ಅಂದಳು ಸಿಂಧೂರ.

“ಎಲ್ಲಿಗ್ ಹೋಗ್ಲವ್ವಾ? ಕೈ ನಿನ್ನ ಹತ್ರನ ಅದ.”

ಆ ನೋವಿನಲ್ಲೂ ಹುಡುಗಿ ನಕ್ಕಳು.

ಆಪರೇಷನ್ ಮೇಜಿಗೂ ಕುಸುಮಾ ಆ ಕೈಯೊಂದಿಗೇ ಹೋದಳು. ಮೇಲೆ ಹಸಿರು ಬಟ್ಟೆ ಹೊದಿಸಿದರು, ಅವಳು ಅದರಡಿ ಕೂತಿದ್ದಳು. ಬೆರಳ ತುದಿಯ ಭಾರ ತಟ್ಟನೆ ಮೇಲೆದ್ದು ಹೋಯಿತು. ಆಮೇಲೆ ಒಂದು ಹೆಣ್ಣುಕೂಸು ಇಡೀ ಕೋಣೆಯನ್ನು ಬೈಯುವಂತೆ ಅತ್ತಿತು.

ಸಂಜೆ ಮನೆಯಲ್ಲಿ ಚನ್ನವೀರ ಮೊಬೈಲು ನೋಡುತ್ತ ಕೂತಿದ್ದ. ಇವತ್ತು ಯಾಕೆ ಹೊತ್ತಾಯಿತೆಂದು ಪಾರವ್ವ ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ. ಹೆಂಚು ಕಾದಿತ್ತು. ಪರಾತದಲ್ಲಿ ಹಿಟ್ಟು ಸುರಿದುಕೊಂಡು ಕುಸುಮಾ ಬಲಗೈ ಚಾಚಿದಳು. ಬೆರಳು ಪೂರ್ತಿ ಬಿಚ್ಚಲಿಲ್ಲ. ಜೋಮಿನ ಒಳಗೆಲ್ಲೋ ಆ ಮಿಡಿತ ಇನ್ನೂ ಉಳಿದಿತ್ತು. ಎಡಗೈ ಸೇರಿಸಿ ಹೇಗೋ ಬಡಿಯಬಹುದಿತ್ತು, ಜ್ವರದಲ್ಲೂ ಬಡಿದಿದ್ದವಳು.

ಪರಾತಕ್ಕೆ ತಾಟು ಮುಚ್ಚಿದಳು. ಗ್ಯಾಸ್ ಆರಿಸಿದಳು. ಬಾಗಿಲಾಚೆಯ ಮೆಟ್ಟಿಲ ಮೇಲೆ ಹೋಗಿ, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.