ಹಲೋ ಅಜ್ಜಿ ಮತ್ತು ಕೊಕ್ಕರೆ ಬಾಟ್ಲಿ

ಬಾಗಿಲ ಗಂಟೆ ಬಾರಿಸಿದರೂ ಒಳಗಿನಿಂದ "ಹಲೋ" ಎಂದೇ ಓಗೊಡುತ್ತಿದ್ದಳಾದ್ದರಿಂದ ಮಗಳು ಇದ್ದ ಕಟ್ಟಡದ ಮಕ್ಕಳು ಅವಳಿಗೆ ಹಲೋ ಅಜ್ಜಿ ಎಂದು ಹೆಸರಿಟ್ಟಿದ್ದರು. ತಪ್ಪು ಅವಳದ್ದಲ್ಲ. ಮದುವೆಗೆ ಮುಂಚಿನಿಂದ ಹಿಡಿದು ನಿವೃತ್ತಿಯವರೆಗೂ ಒಂದು ದೊಡ್ಡ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು ಅವಳು. ನೆಲಮಾಳಿಗೆಯ ಕೋಣೆ, ಕಿಟಕಿ ಇಲ್ಲ. ಒಂದು ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಗಡಗಡ, ಇನ್ನೊಂದು ಪಕ್ಕದಲ್ಲಿ ಪಾತ್ರೆ ತೊಳೆಯುವ ಸದ್ದು, ನಡುವೆ ಇವಳ ದನಿ. ಮೇಲಿನ ಮಹಡಿಗಳಲ್ಲಿ ತಂಗಿದವರು ಆ ದನಿ ಕೇಳಿದವರೇ ಹೊರತು ಮುಖ ನೋಡಿದವರಲ್ಲ. ಬಿಸಿನೀರು ಬರುತ್ತಿಲ್ಲ ಎಂದು ಹಾರಾಡುತ್ತ ಫೋನೆತ್ತಿದವನೂ ಇವಳೊಡನೆ ಎರಡು ಮಾತಾಡುವಷ್ಟರಲ್ಲಿ ತಣ್ಣಗಾಗಿ, "ಇರಲಿ ಬಿಡಿ, ನಿಧಾನಕ್ಕೆ ಕಳಿಸಿ" ಎನ್ನುತ್ತಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಅವಳು ಬದುಕಿದ್ದೇ ಹಾಗೆ.

ಗಂಡ ತೀರಿಕೊಂಡ ಮೇಲೆ ಮಂಡಿ ನೋವು ಹೆಚ್ಚಿ, ಮೆಟ್ಟಿಲು ಹತ್ತುವುದೇ ಒಂದು ಯಾತ್ರೆಯಾದಾಗ, ಮಗಳ ಮನೆಗೆ ಬಂದಳು. ಮಗಳ ಕಟ್ಟಡಕ್ಕೆ ಲಿಫ್ಟ್ ಇತ್ತು. ಅಳಿಯ ಲಿಫ್ಟ್ ಮೆಕ್ಯಾನಿಕ್ ಆದ್ದರಿಂದ ಅದು ಕೆಡುತ್ತಲೂ ಇರಲಿಲ್ಲ.

ಅಳಿಯ ಒಳ್ಳೆಯವನೇ. ಎದುರು ಮಾತಿಲ್ಲ. ತೊಂದರೆ ಏನೆಂದರೆ ಎದುರು ಮಾತಷ್ಟೇ ಅಲ್ಲ, ಯಾವ ಮಾತೂ ಇಲ್ಲ.

"ಅಳಿಯಂದ್ರು ಊಟ ಮಾಡಿದ್ರಾ?"

"ಆಯ್ತು ಅತ್ತೆ."

"ಕೆಲಸ ಹೇಗಿತ್ತು ಇವತ್ತು?"

"ನಡೀತು ಅತ್ತೆ."

ಅಲ್ಲಿಗೆ ಲೈನ್ ಕಟ್. ದಿನವಿಡೀ ಮಾತಿನಲ್ಲೇ ಮುಳುಗಿ ಎದ್ದವಳಿಗೆ ಆ ಮನೆಯ ಸಂಜೆಗಳು ಉಪವಾಸದಂತೆ ಕಾಣತೊಡಗಿದವು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಶನಿವಾರವೇ ಅಲ್ಲಿ ಹೆಚ್ಚು ಜನ. ಅದೇ ಶನಿವಾರ ಬೆಳಿಗ್ಗೆ ಅಳಿಯನೂ ತಿಂಡಿ ಮುಗಿಸಿ ಕಾರಿನ ಬೀಗದ ಕೈ ಹಿಡಿದು ಹೊರಟುಬಿಡುತ್ತಿದ್ದ, ಬರುವುದು ಮಧ್ಯಾಹ್ನ ಕಳೆದ ಮೇಲೆ. ಕೆಲವು ವಾರ ನೋಡಿದ ಅಜ್ಜಿಗೆ ತಡೆಯಲಾಗಲಿಲ್ಲ.

"ಎಲ್ಲಿಗೆ ಹೋಗ್ತಾರೆ ನಿನ್ನ ಗಂಡ, ಶನಿವಾರ ಶನಿವಾರ?" ಎಂದು ಮಗಳನ್ನು ಮೆಲ್ಲಗೆ ಕೇಳಿದಳು. ತಾಯಿಯ ಮನಸ್ಸು, ಏನೇನೋ ಯೋಚನೆ ಬಂದಿತ್ತು.

ಮಗಳು ನಕ್ಕುಬಿಟ್ಟಳು. ನಡುಮನೆಯ ಮೂಲೆಯಲ್ಲಿದ್ದ ಬೀರುವಿನ ಬೀಗ ತೆಗೆದು ತೋರಿಸಿದಳು. ಒಳಗೆ ಸಾಲಾಗಿ ಬಾಟ್ಲಿಗಳು. ಉದ್ದದ್ದು, ಗಿಡ್ಡದ್ದು, ಚೌಕದ್ದು. ಒಂದರ ಸೀಲೂ ಒಡೆದಿಲ್ಲ.

"ಅಯ್ಯೋ, ಬೀರಾ?"

"ಬೀರುವಿನಲ್ಲಿ ಬೀರಿಲ್ಲಮ್ಮ, ಬರ್ಬನ್ ಇದೆ. ಮೆಕ್ಕೆಜೋಳದ ವಿಸ್ಕಿ. ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿ ಇಟ್ಟಿರ್ತಾರಂತೆ. ಅದರಲ್ಲಿ ಕೆಲವು ಎಲ್ಲೂ ಸಿಗಲ್ಲ. ಸಿಗದೇ ಇರೋದನ್ನ ಹುಡುಕೋಕೆ ಹೋಗ್ತಾರೆ."

"ಸಿಕ್ಕಿದ ಮೇಲೆ?"

"ಕುಡಿಯೋದೂ ಇಲ್ಲ, ಮಾರೋದೂ ಇಲ್ಲ. ಇಲ್ಲಿಟ್ಟು ಬೀಗ ಹಾಕ್ತಾರೆ. ಹೋಗಲಿ ಬಿಡು, ನನ್ನ ತಂಟೆಗಂತೂ ಬರಲ್ಲ."

ಮುಂದಿನ ಶನಿವಾರ ಅಳಿಯ ಬೀಗದ ಕೈ ಎತ್ತಿಕೊಳ್ಳುವಷ್ಟರಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಳಿಯಂದ್ರೇ, ನಾನೂ ಬರ್ತೀನಿ. ಮನೇಲಿ ಒಬ್ಬಳೇ ಕೂತು ಗೋಡೆ ಎಣಿಸಿ ಎಣಿಸಿ ಸಾಕಾಗಿದೆ. ನಾಲ್ಕೇ ಇರೋದು." ಪಾಪ, ಏನು ಹೇಳಿಯಾನು? ಕಾರಿನ ಮುಂದಿನ ಸೀಟಿನ ಮೇಲಿದ್ದ ಟಾರ್ಚು, ಗ್ರೀಸಿನ ಡಬ್ಬಿ ಹಿಂದಕ್ಕೆ ಹಾಕಿ ಜಾಗ ಮಾಡಿಕೊಟ್ಟ.

ಮೊದಲ ಅಂಗಡಿಯಲ್ಲೇ ಅಜ್ಜಿಗೆ ಅಳಿಯನ ಬೇಟೆಯ ಬಂಡವಾಳ ತಿಳಿಯಿತು. ಅವನು ನೇರ ಕೌಂಟರಿಗೆ ಹೋಗಿ, "ಕೊಕ್ಕರೆ ಇದೆಯಾ?" ಎಂದ. ಅಂಗಡಿಯವನು ತಲೆ ಎತ್ತದೆ "ಇಲ್ಲ" ಎಂದ. ಅಳಿಯ ತಿರುಗಿ ಬಂದ. ಎರಡನೆಯ ಅಂಗಡಿಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಲೇಬಲ್ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರವಿದ್ದ ಆ ಬಾಟ್ಲಿಯನ್ನು ಹುಡುಕುವವರೆಲ್ಲ ಕೊಕ್ಕರೆ ಎಂದೇ ಕರೆಯುತ್ತಿದ್ದರು. ತಯಾರಾಗುವುದೇ ಸ್ವಲ್ಪ, ಒಂದು ಅಂಗಡಿಗೆ ವರ್ಷಕ್ಕೆ ಒಂದು ಬಂದರೆ ಪುಣ್ಯ. ಅದನ್ನೂ ಅಂಗಡಿಯವರು ಕೌಂಟರಿನ ಕೆಳಗೆ ಅಡಗಿಸಿ, ತಮಗೆ ಬೇಕಾದವರಿಗೆ ಕೊಟ್ಟುಬಿಡುತ್ತಿದ್ದರು.

ಮೂರನೆಯ ಅಂಗಡಿಗೆ ಅಜ್ಜಿಯೂ ಇಳಿದಳು. ಅಂಗಡಿಯವನ ಕೈಗೆ ಪ್ಲಾಸ್ಟರ್ ಹಾಕಿತ್ತು. "ಏನಪ್ಪ ಇದು, ಬಲಗೈಯೇ ಮುರ್ಕೊಂಡಿದ್ದೀಯಲ್ಲ! ಈ ಪೆಟ್ಟಿಗೆಗಳನ್ನ ಯಾರು ಇಳಿಸ್ತಾರೆ?" ಎಂದಳು. ಅವನಿಗೆ ಅದನ್ನು ಕೇಳುವವರು ಬೇಕಾಗಿತ್ತು. ಬಿದ್ದದ್ದು, ಡಾಕ್ಟರು ಬೈದದ್ದು, ಸಹಾಯಕ್ಕೆ ಬರುತ್ತೇನೆಂದ ತಮ್ಮ ಬಾರದೇ ಹೋದದ್ದು, ಬುಧವಾರ ಲಾರಿ ಬಂದರೆ ತಾನೊಬ್ಬನೇ ಒದ್ದಾಡುವುದು, ಎಲ್ಲವನ್ನೂ ಹೇಳಿಕೊಂಡ. ಹೊರಡುವಾಗ ತಾನಾಗಿಯೇ, "ಅಮ್ಮ, ಕೊಕ್ಕರೆ ಇಲ್ಲ. ಆದ್ರೆ ಇದು ನೋಡಿ, ಇದೂ ಸಿಗೋದಲ್ಲ" ಎಂದು ಕೆಳಗಿನಿಂದ ಬೇರೊಂದು ಬಾಟ್ಲಿ ತೆಗೆದು ಮೇಲಿಟ್ಟ. ಅಳಿಯನ ಕಣ್ಣು ಅರಳಿತು.

ಕಾರಿನಲ್ಲಿ ಕೂತ ಮೇಲೆ ಅವನು ಬಾಟ್ಲಿಯನ್ನು ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಇಟ್ಟ. ಆಮೇಲೆ, "ಅತ್ತೆ, ಎಷ್ಟೋ ವರ್ಷದಿಂದ ಆ ಅಂಗಡಿಗೆ ಹೋಗ್ತಿದ್ದೀನಿ. ಲಾರಿ ಬುಧವಾರ ಬರುತ್ತೆ ಅಂತ ನಂಗೆ ಇವತ್ತು ಗೊತ್ತಾಯ್ತು" ಎಂದ. ಅವನು ಅವಳೊಡನೆ ಒಂದೇ ಉಸಿರಿಗೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಅಲ್ಲಿಂದ ಶನಿವಾರಗಳು ಇಬ್ಬರದ್ದೂ ಆದವು. ಊರಿನ ಅಂಚಿನ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿ, ರೈಲು ಹಳಿಯಾಚೆ ಧೂಳು ಹಿಡಿದ ಕಪಾಟಿನ ಅಂಗಡಿ, ಆಸ್ಪತ್ರೆಯ ಹಿಂದಿನ ಇಕ್ಕಟ್ಟಿನ ಅಂಗಡಿ. ಅಜ್ಜಿ ಮಾತು ಹಚ್ಚುತ್ತಿದ್ದಳು, ಅಳಿಯ ಕಪಾಟಿನ ಹಿಂದಿನ ಸಾಲನ್ನು ಕಣ್ಣಲ್ಲೇ ಜಾಲಾಡುತ್ತಿದ್ದ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ದಾರಿಯಲ್ಲಿ ಕಾಫಿ ಕುಡಿದು ವಾಪಸ್ಸು. ದಾರಿಯಲ್ಲಿ ಮಾತಾಗುತ್ತಿತ್ತು. ಕೊಕ್ಕರೆಯ ಹಿಂದೆ ತಾನು ಎಷ್ಟು ವರ್ಷ ಅಲೆದಿದ್ದೇನೆಂದು, ಹೆಂಡತಿಗೂ ಹೇಳದಿದ್ದುದನ್ನು, ಅವನು ಅತ್ತೆಗೆ ಹೇಳಿದ.

"ಕುಡಿಯೋ ಆಸೆ ಇಲ್ಲ ಅಂದ್ಮೇಲೆ ಯಾಕೆ ಇದೆಲ್ಲ, ಅಳಿಯಂದ್ರೇ?" ಎಂದು ಒಮ್ಮೆ ಕೇಳಿದಳು.

ಅವನು ಯೋಚಿಸಿ ಹೇಳಿದ: "ನನ್ನ ಕೆಲಸದಲ್ಲಿ ಎಲ್ಲಾ ಸರಿಯಾಗಿ ಮಾಡಿದ್ರೆ ಏನೂ ಆಗಲ್ಲ ಅತ್ತೆ. ಲಿಫ್ಟು ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಯಾರೂ ತಿರುಗಿ ನೋಡಲ್ಲ. ಇಲ್ಲಿ ಹಾಗಲ್ಲ. ಸಿಕ್ತು ಅಂದ್ರೆ ಸಿಕ್ತು. ಕೈಯಲ್ಲಿ ಹಿಡ್ಕೊಂಡು ಮನೆಗೆ ಬರಬಹುದು."

ಅಜ್ಜಿಗೆ ಅದು ಚೆನ್ನಾಗಿ ಅರ್ಥವಾಯಿತು. ತಾನು ಜೋಡಿಸಿದ ಸಾವಿರಾರು ಕರೆಗಳಲ್ಲಿ ಒಂದಾದರೂ ತನ್ನ ಕೈಯಲ್ಲಿ ಉಳಿದಿತ್ತೇ?

ಚಳಿ ಶುರುವಾಗುವ ಹೊತ್ತಿಗೆ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಗೆ ಒಂದು ಕೊಕ್ಕರೆ ಬಂತು. ಆ ಅಂಗಡಿಯ ಒಡತಿ ಕಟ್ಟುನಿಟ್ಟಿನ ಹೆಂಗಸು. ಹಿಂದಿನ ಸಲ ಕೊಂಡವನು ಅದನ್ನು ಮರುದಿನವೇ ನಾಲ್ಕು ಪಟ್ಟು ಬೆಲೆಗೆ ಮಾರಿಕೊಂಡಿದ್ದ ಎಂಬ ಸಿಟ್ಟು ಅವಳಿಗೆ. ಹಾಗಾಗಿ ಈ ಸಲ ಚೀಟಿ ಎತ್ತುವುದು, ಗೆದ್ದವರು ಬಾಟ್ಲಿಯ ಮೇಲೆ ಬರೆದಿರುವ ಬೆಲೆಗೇ ಕೊಳ್ಳುವುದು, ಆದರೆ ಸೀಲನ್ನು ಅಲ್ಲೇ ಕೌಂಟರಿನ ಮುಂದೆ ಒಡೆಯಬೇಕು ಎಂದು ಷರತ್ತು ಹಾಕಿದ್ದಳು. ಸೀಲು ಒಡೆದ ಬಾಟ್ಲಿಯನ್ನು ಯಾರು ಕೊಳ್ಳುತ್ತಾರೆ?

ಶನಿವಾರ ಅಂಗಡಿಯ ಮುಂದೆ ಸಾಲೇ ಸಾಲು. ಕೋಟು ತೊಟ್ಟವರು, ಕೆಲಸದ ಬಟ್ಟೆಯಲ್ಲೇ ಬಂದವರು, ಊರುಗೋಲು ಹಿಡಿದ ಒಬ್ಬ ಮುದುಕ. ಅಳಿಯ ಚೀಟಿ ಹಾಕಿದ. "ನೀವೂ ಹಾಕಿ ಅತ್ತೆ, ಒಂದಕ್ಕೆ ಎರಡಾಗುತ್ತೆ" ಎಂದ. ಅಜ್ಜಿಯೂ ಹಾಕಿದಳು. ಒಡತಿ ಡಬ್ಬಿ ಕುಲುಕಿ, ಕೈ ಹಾಕಿ, ಒಂದು ಚೀಟಿ ತೆಗೆದು ಓದಿದಳು.

"ಹಲೋ ಅಜ್ಜಿ! ಇದೆಂಥ ಹೆಸರು? ಯಾರದು?"

ಅಳಿಯ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಾಲಿನಲ್ಲಿದ್ದವರೆಲ್ಲ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದರು.

ಅಜ್ಜಿ ತಾನೇ ಸೀಲು ಒಡೆದಳು. ಒಡತಿ ಒಂದು ಪುಟ್ಟ ಕಾಗದದ ಲೋಟಕ್ಕೆ ತೊಟ್ಟು ಬಗ್ಗಿಸಿ ಕೊಟ್ಟಳು. ಜನ್ಮದಲ್ಲಿ ಮುಟ್ಟದಿದ್ದುದನ್ನು ಅಜ್ಜಿ ಗುಟುಕರಿಸಿದಳು. ಗಂಟಲಲ್ಲಿ ಕೆಂಡ ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. "ಅಯ್ಯಪ್ಪಾ, ಇದಕ್ಕಾ ಇಷ್ಟೆಲ್ಲ ಓಡಾಟ!" ಎಂದಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅವಳ ಕಣ್ಣು ಊರುಗೋಲಿನ ಮುದುಕನ ಮೇಲೆ ಬಿತ್ತು. ಅವನು ನಗುತ್ತಿರಲಿಲ್ಲ, ಬಾಟ್ಲಿಯನ್ನೇ ನೋಡುತ್ತಿದ್ದ.

"ಲೋಟ ಇನ್ನೂ ಇದೆಯೇನಮ್ಮ?" ಎಂದು ಅಜ್ಜಿ ಒಡತಿಯನ್ನು ಕೇಳಿದಳು. "ಬೆಳಿಗ್ಗೆಯಿಂದ ನಿಂತಿದ್ದಾರೆ ಪಾಪ. ಒಂದೊಂದು ಗುಟುಕು ಎಲ್ಲರಿಗೂ ಕೊಡು."

ಮುದುಕ ಮೊದಲು ಬಂದ. ಆಮೇಲೆ ಕೆಲಸದ ಬಟ್ಟೆಯವರು, ಆಮೇಲೆ ನಾಚುತ್ತ ನಾಚುತ್ತ ಕೋಟಿನವರು. ಅಂಗಡಿ ಹಬ್ಬದ ಮನೆಯಂತಾಯಿತು. ಒಡತಿ ಅಳಿಯನಿಗೂ ಒಂದು ಲೋಟ ನೀಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಅರ್ಧಕ್ಕಿಂತ ಕೆಳಗಿಳಿದ ಬಾಟ್ಲಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಅಜ್ಜಿ ಕಾರು ಹತ್ತಿದಾಗ ಅವನ ಮುಖ ಕಲ್ಲಾಗಿತ್ತು. ಮನೆ ಬರುವವರೆಗೂ ಒಂದು ಮಾತಿಲ್ಲ. ಮರುದಿನವೂ ಇಲ್ಲ. ಮುಂದಿನ ಶನಿವಾರ ಅವನು ಬೀಗದ ಕೈ ಮುಟ್ಟಲೇ ಇಲ್ಲ. ಬಾಲ್ಕನಿಯಲ್ಲಿ ಕೂತು ಹಳೆಯ ಫ್ಯಾನೊಂದನ್ನು ಬಿಚ್ಚುತ್ತಿದ್ದ.

ಅಜ್ಜಿಗೆ ಅನ್ನ ಸೇರಲಿಲ್ಲ. "ನನ್ನ ಬಾಟ್ಲಿ ತಾನೆ?" ಎಂದು ಮೊದಮೊದಲು ಮನಸ್ಸಿನಲ್ಲೇ ವಾದ ಹೂಡಿದಳು. ಆದರೆ ತೋಳು ಹಿಡಿದ ಆ ಕೈಯ ಬಿಗಿ ನೆನಪಾದಾಗಲೆಲ್ಲ ವಾದ ಬಿದ್ದುಹೋಗುತ್ತಿತ್ತು. ಕೊನೆಗೆ ಬಾಲ್ಕನಿಯ ಬಾಗಿಲಿಗೆ ಬಂದು ನಿಂತಳು.

"ತಪ್ಪಾಯ್ತು ಕಣಪ್ಪ. ನಿನ್ನ ಒಂದು ಮಾತು ಕೇಳಬೇಕಿತ್ತು."

'ಅಳಿಯಂದ್ರು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಯಿತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಬಾಟ್ಲಿ ನಿಮ್ದೇ ಅತ್ತೆ. ಅದಕ್ಕಲ್ಲ. ನಾನು ಅದನ್ನ ಹುಡುಕೋಕೆ ಶುರು ಮಾಡಿ ಎಷ್ಟು ಕಾಲವಾಯ್ತು ಅಂತ ನಿಮಗೊಬ್ಬರಿಗೇ ಹೇಳಿದ್ದು."

"ಕೇಳಿದ್ದಿದ್ರೆ?"

"ಬೇಡ ಅಂತಿದ್ದೆ."

"ಮತ್ತೆ ನೋಡು!" ಎಂದು ಬಾಯಿಗೆ ಬಂದಿತ್ತು. ಅಜ್ಜಿ ಹೋಟೆಲಿನ ಅಷ್ಟು ವರ್ಷಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ ಅದನ್ನು ನುಂಗಿಕೊಂಡಳು.

ಸಂಜೆ ಮಗಳು ಬಂದವಳು ಇಬ್ಬರ ಮುಖ ನೋಡಿ, ಬಾಟ್ಲಿ ತಂದು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು. "ಒಂದು ವಾರದಿಂದ ಈ ಕೊಕ್ಕರೆ ದೆಸೆಯಿಂದ ಮನೆ ಮಸಣದ ಹಾಗಿದೆ. ಕುಡಿದಾದರೂ ಮುಗಿಸಿ." ಅಳಿಯ ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದ. ತಾಯಿ, ಮಗಳು ಅವನ ಮುಖವನ್ನೇ ನೋಡಿದರು.

"ಚೆನ್ನಾಗಿದೆ" ಎಂದ.

"ಅಷ್ಟೇನಾ?"

"ಅಷ್ಟೇ. ತುಂಬಾ ಚೆನ್ನಾಗಿದೆ. ಆದ್ರೆ..." ಅವನು ನಡುಮನೆಯ ಕಡೆ ನೋಡಿದ. "ಆ ಬೀರುವಿನಲ್ಲಿ ಇದಕ್ಕಿಂತ ಚೆನ್ನಾಗಿರೋದೂ ಇರಬಹುದೇನೋ."

"ತೆಗೆದು ನೋಡಿದ್ರೆ ತಾನೆ ಗೊತ್ತಾಗೋದು?" ಎಂದಳು ಮಗಳು.

ಅಂದು ಅವನು ತೆಗೆಯಲಿಲ್ಲ. ಹಲವು ವಾರಗಳ ಮೇಲೆ, ಯಾರೂ ಕೇಳದಿದ್ದಾಗ, ಒಂದನ್ನು ತೆಗೆದ. ಉಳಿದವು ಹಾಗೇ ಇವೆ.

ಅಂಗಡಿಯಲ್ಲಿ ಗುಟುಕು ಕುಡಿದವರು ಅಜ್ಜಿಯನ್ನು ಮರೆಯಲಿಲ್ಲ. ಊರುಗೋಲಿನ ಮುದುಕ ಒಡತಿಯಿಂದ ನಂಬರ್ ಪಡೆದು ಫೋನ್ ಮಾಡಿದ: ಹಳಿಯಾಚೆಯ ಅಂಗಡಿಗೆ ಹೊಸ ಪೆಟ್ಟಿಗೆ ಬಂದಿದೆಯಂತೆ. ಅವನಿಗೆ ಬೇಕಾದ್ದು ಬೇರೆ ಯಾವುದೋ. ಅದು ಆಸ್ಪತ್ರೆಯ ಹಿಂದಿನ ಅಂಗಡಿಯಲ್ಲಿದ್ದುದನ್ನು ಅಜ್ಜಿ ನೋಡಿದ್ದಳು, ಹೇಳಿದಳು. ಅವನು ಇನ್ನೊಬ್ಬನಿಗೆ ಹೇಳಿದ. ಬರಬರುತ್ತ ಬೆಳಗಿನ ಹೊತ್ತು ಆ ಮನೆಯ ಫೋನಿಗೆ ಬಿಡುವಿಲ್ಲದಂತಾಯಿತು. ಯಾರಿಗೆ ಏನು ಬೇಕು, ಯಾರ ಅಂಗಡಿಗೆ ಲಾರಿ ಬಂತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. "ಒಂದ್ನಿಮಿಷ ಇರಿ, ಇನ್ನೊಂದು ಕರೆ ಬರ್ತಿದೆ" ಎನ್ನುವಾಗ ಅವಳ ದನಿ ಹೋಟೆಲಿನ ದಿನಗಳದ್ದೇ ಆಗಿಬಿಡುತ್ತಿತ್ತು. ಅಜ್ಜಿಯ ಕೋಳಿ ಕೂಗಿದರೇ ಬೆಳಗಾಗೋದು ಎಂದು ಮಗಳು ಛೇಡಿಸುತ್ತಿದ್ದಳು.

ಮರುವರ್ಷ ಆ ಒಡತಿ ಮತ್ತೆ ಚೀಟಿ ಎತ್ತಿದಳು. ಗೆದ್ದವನು ಯಾರೋ ಹೊಸಬ. ಸೀಲು ಒಡೆಸಿ, ಮುಚ್ಚಳ ಮತ್ತೆ ಬಿಗಿದು, ಬಾಟ್ಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ. ಸಾಲಿನಲ್ಲಿದ್ದವರು ಗೊಣಗಿದರು. ಅಜ್ಜಿಗೂ ಸ್ವಲ್ಪ ಬೇಸರವಾಯಿತು. ಆದರೆ ಅಳಿಯ, "ಇವನು ನನ್ನ ಜಾತಿಯವನು ಅತ್ತೆ" ಎಂದು ಬಿದ್ದು ಬಿದ್ದು ನಕ್ಕ.

ವಾಪಸ್ಸು ಬರುವಾಗ ಅಜ್ಜಿಯ ಮಂಡಿ ಹಿಡಿದುಕೊಂಡಿತ್ತು. ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಳಿಯ ಮುಲಾಮು ತಂದುಕೊಟ್ಟ. ಹಿಂದಿನ ದಿನ ಒಂದು ಹಳೆಯ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತದ್ದು, ಒಳಗೆ ಸಿಕ್ಕಿಕೊಂಡಿದ್ದ ದಂಪತಿ ಅವನು ಬಾಗಿಲು ತೆರೆಯುವವರೆಗೂ ಜಗಳವಾಡುತ್ತಲೇ ಇದ್ದದ್ದು, ತೆರೆದ ಮೇಲೂ ಅದು ಮುಗಿಯಲಿ ಎಂದು ತಾನು ಹೊರಗೆ ಕಾದು ನಿಂತದ್ದು, ಅವನು ಹೇಳುತ್ತ ಹೋದ. ಅಜ್ಜಿ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ, ನಡುವೆ ಬಾಯಿ ಹಾಕದೆ ಕೇಳುತ್ತಿದ್ದಳು.