ಕೂಸಿನ ಹಣೆಯ ಬೆವರು

ಹೋದ ವಾರ ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಅಳವಿ ಬೀಜ ಹುರಿಯುತ್ತಿದ್ದರು. ತುಪ್ಪದ ಘಮ ಗೋಡೆ ದಾಟಿ ಬಂತು, ನನ್ನ ಕೈಕೆಲಸ ನಿಂತಿತು. ಹಾಲು ಹೆಚ್ಚಲೆಂದು ನನ್ನ ಅತ್ತೆಯೂ ಹೀಗೇ ಹುರಿದು, ಉಂಡಿ ಕಟ್ಟಿ ತಿನ್ನಿಸುತ್ತಿದ್ದರು. ತಿಂದೂ ತಿಂದೂ ನಾನು ಗುಂಡಗಾದೆ, ಕೂಸು ಮಾತ್ರ ಕಡ್ಡಿಯಾಗುತ್ತಿತ್ತು…

ಆಗ ನಾವು ದುಬಲಗುಂಡಿಯಲ್ಲಿದ್ದೆವು. ಮಗಳಿಗೆ ಒಂದೂವರೆ ತಿಂಗಳು. ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಕುಡಿದು ಬಿಡುವಳು, ಏದುಸಿರು ಬಿಡುತ್ತ ನಿದ್ದೆಹೋಗುವಳು, ಅರ್ಧ ಗಂಟೆಗೆ ಎದ್ದು ಮತ್ತೆ ಅಳುವಳು. ಹಾಲು ಸಾಲದು ಎಂದರು ಅತ್ತೆ. ದೃಷ್ಟಿಯಾಗಿದೆ ಎಂದಳು ಓರಗಿತ್ತಿ. ಗಂಡ ಮಾಣಿಕನಗರದ ಅಂಗಡಿಯಿಂದ ಪುಡಿ ಹಾಲಿನ ಡಬ್ಬಿ ತಂದರು. ಅದನ್ನೂ ಅವಳು ನಾಲ್ಕೇ ಗುಟುಕಿಗೆ ಬಿಟ್ಟಳು. ಆದರೂ ಮಂದಿಯ ಮಾತು ಕೇಳಿ ಕೇಳಿ, ತಪ್ಪು ನನ್ನ ಹಾಲಿನದೇ ಎಂದು ನಾನು ನಂಬಿದ್ದೆ.

ಊರಿಗೆ ಲಸಿಕೆ ಹಾಕಲು ಬರುತ್ತಿದ್ದ ನರ್ಸ್‌ಬಾಯಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ನಡುವಯಸ್ಸು, ಮಾತು ಕಡಿಮೆ, ಮಕ್ಕಳಿರಲಿಲ್ಲ. ಬಂದವರೆಲ್ಲ ಕೂಸನ್ನು ಎತ್ತಿ ನೋಡುವವರೇ. ಇವರು ಮುಟ್ಟಲೂ ಇಲ್ಲ. ಗೋಡೆಗೆ ಒರಗಿ ಕುಳಿತು, “ಕುಡಸು ತಂಗಿ, ನಾ ನೋಡ್ತೀನಿ” ಎಂದರು. ಕೂಸು ಕುಡಿದು ಬಿಡುವವರೆಗೂ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಅದರ ಬಾಯೊಳಗೆ ನೋಡಿದರು, ಪಕ್ಕೆ ಏರಿಳಿಯುವುದನ್ನು ನೋಡಿದರು. ಹಣೆ ಮುಟ್ಟಿದರು, ಬೆನ್ನ ಕೆಳಗೂ ಕೈ ತೂರಿಸಿದರು.

“ಕುಡಿಯುವಾಗ ದಿನಾ ಹಿಂಗ ಬೆವರ್ತದೇನು?”

“ಬ್ಯಾಸಗಿ ಅಲ್ರಿ ಬಾಯಾರ, ನಾವೂ ಬೆವರಾಕತ್ತೇವಿ” ಎಂದು ಅತ್ತೆ ನಕ್ಕರು.

“ಬ್ಯಾಸಗಿ ಬೆವರಾದ್ರ ಬೆನ್ನಿಗೂ ಬರ್ತಿತ್ರಿ ಆಯಿ. ಬೆನ್ನ ಒಣಗ್ಯಾದ. ಹಾಲಿಗಿ ಏನೂ ಕಮ್ಮಿ ಇಲ್ಲ. ಕುಡಿಯೋದ ಈ ಕೂಸಿಗಿ ಹೊಲದ ಕೆಲಸ ಆಗ್ಯಾದ. ಇದರ ಎದಿ ಡಾಕ್ಟರಿಗಿ ತೋರಸಬೇಕು, ಇವತ್ತ ಬೀದರಿಗಿ ನಡೀರಿ.”

ಹಾಲು ಕುಡಿಯದ ಕೂಸಿಗೆ ಎದೆಯ ಪರೀಕ್ಷೆಯಂತೆ! ನಿದ್ದೆಗೆಟ್ಟ ಸಿಟ್ಟು ನೆತ್ತಿಗೇರಿತು. “ಹಡೀಲಾರದಾಕಿಗಿ ಏನ್ ತಿಳೀತದ ಕೂಸಿನ ಸಂಕಟ!” ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ… ಅತ್ತೆ ಕೂಡ ತಲೆ ತಗ್ಗಿಸಿದರು.

ನರ್ಸ್‌ಬಾಯಿ ಎದ್ದು ಹೋಗಲಿಲ್ಲ. ಬೀದರಿನ ದಾರಿಯ ಹುಮನಾಬಾದ ಬಸ್ಸಿನ ಹೊತ್ತಾದಾಗ, “ಏಳು ತಂಗಿ” ಎಂದು ಕೂಸನ್ನು ತಾವೇ ಎತ್ತಿಕೊಂಡು ನಡೆದರು. ಕೂಸು ಹೋದ ಕಡೆ ನಾನೂ ಹೋದೆ, ಅಷ್ಟೇ. ಬೀದರಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಹೃದಯದಲ್ಲಿ ತೂತಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ಔಷಧಿ, ಆಮೇಲೆ ದೊಡ್ಡ ಊರಿನಲ್ಲಿ ಆಪರೇಷನ್… ಮಗಳು ಉಳಿದಳು.

ಅವಳಿಗೆ ವರ್ಷ ತುಂಬಿದಾಗ ಪೇಢೆ ಹಿಡಿದು ನರ್ಸ್‌ಬಾಯಿಯವರಲ್ಲಿಗೆ ಹೋದೆ. ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಪೇಢೆ ಚೂರು ಮಾಡಿ ಮಗಳ ಬಾಯಿಗಿಟ್ಟು, ಅವಳು ನುಂಗುವವರೆಗೆ ನೋಡುತ್ತ ಕುಳಿತರು. ನಾನು ಮಗಳ ಬಾಯಿ ಒರೆಸಿ, ಎತ್ತಿಕೊಂಡು ಎದ್ದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಹೋದ ವಾರ ನೆನಪು ಕೆದಕಿದ ಮೇಲೆ ಮನಸ್ಸು ತಡೆಯಲಿಲ್ಲ. ವಿಚಾರಿಸಿದಾಗ, ನಿವೃತ್ತಿಯಾಗಿ ಬಸವಕಲ್ಯಾಣದಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಯಾರೋ ಹೇಳಿದರು. ನನ್ನ ಭುಜದೆತ್ತರಕ್ಕೆ ಬೆಳೆದ ಮಗಳನ್ನೂ ಕರೆದುಕೊಂಡು ಹೋದೆ.

“ಅಕ್ಕ ಹೋಗಿ ಐದ ತಿಂಗಳಾತ್ರಿ” ಎಂದರು ಬಾಗಿಲು ತೆಗೆದ ತಂಗಿ. “ನೀವು ಯಾರ್ರಿ?”

ಏನೆಂದು ಹೇಳಲಿ? “ಬಾಯಾರು ಉಳಿಸಿದ ಕೂಸ್ರಿ ಇದು” ಎಂದೆ.

ಅವರು ಮಗಳ ಗಲ್ಲ ಸವರಿದರು. “ಹಿಂಗ ಭಾಳ ಮಂದಿ ಮಕ್ಕಳನ ಕರಕೊಂಡ ಬರ್ತಾರ್ರಿ. ನಮ್ಮಕ್ಕಗ ಎಷ್ಟ ಮಕ್ಕಳೋ ಏನೋ!”

ನನಗೆ ತಲೆ ಎತ್ತಲಾಗಲಿಲ್ಲ. ಹಾರ ಹಾಕಿದ ಪಟದ ಮುಂದೆ ನಿಂತು ತಪ್ಪಾಯಿತು ಎಂದೆ. ಹನ್ನೆರಡು ವರ್ಷ ತಡವಾಗಿತ್ತು…