ಕಿಟಕಿಯ ಸಂದಿನಿಂದ ಕಂಡ ಕ್ರಿಸ್‌ಮಸ್

ಬ್ರಾಂಕ್ಸ್‌ನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಿಟಕಿಯಾಚೆಯ ಹಗ್ಗದ ಮೇಲೆ ಚಳಿಗೆ ಸೆಟೆದುಕೊಂಡ ಬಟ್ಟೆಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದೇನೆ. ಕೆಳಗಿನ ಮನೆಯಲ್ಲಿ ಝೆಲಿಗ್ ವಾಸರ್‌ಮಾನ್ ಪಿಯಾನೋದ ಮೇಲೆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ಧಡ್ ಎಂದು ಕಿಟಕಿ ಮುಚ್ಚಿದ ಸದ್ದು. ಪಿಯಾನೋ ನಿಲ್ಲುತ್ತದೆ. ಬಟ್ಟೆಯನ್ನು ಅಲ್ಲೇ ಬಿಟ್ಟು, ಮಗಳು ಮಿರೆಲೆಯ ಕೈ ಹಿಡಿದು ಕೆಳಗಿಳಿಯುತ್ತೇನೆ.

ಝೆಲಿಗ್ ಅವರ ತಾಯಿ ಪೇಶಾ ಅಜ್ಜಿ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಾರೆ. ನಾಳೆ ಕ್ರಿಸ್‌ಮಸ್. ಅವರು ಬಿಟ್ಟು ಬಂದ ಪೋಲೆಂಡಿನ ಊರಿನಲ್ಲಿ ಹಬ್ಬದ ಹಿಂದಿನ ರಾತ್ರಿ ಯಹೂದಿಗಳು ಹೊರಗೆ ಕಾಲಿಡುತ್ತಿರಲಿಲ್ಲ. ಪವಿತ್ರ ಗ್ರಂಥವನ್ನೂ ತೆರೆಯದೆ, ಬಾಗಿಲು ಭದ್ರ ಮಾಡಿ, ಇಸ್ಪೀಟು ಆಡುತ್ತ ಬೆಳಗಾಗುವುದನ್ನೇ ಕಾಯುತ್ತಿದ್ದರು.

"ಮೊದಲು ಹಾಡು ಬರುತ್ತೆ. ಹಿಂದೇನೇ ದೊಣ್ಣೆ ಬರುತ್ತೆ," ಅಜ್ಜಿ ಗಂಟು ಬಿಗಿಯುತ್ತಾರೆ. ಹಾಡುತ್ತ ಬಂದ ಗುಂಪು ಅವರ ಅಪ್ಪನ ಅಂಗಡಿ ಒಡೆದದ್ದು ಅಂಥದೇ ಒಂದು ರಾತ್ರಿ. ಮಹಾಯುದ್ಧ ಮುಗಿದು ಎರಡು ವರ್ಷವಾದರೂ ಆ ಊರಿನಿಂದ ಯಾರ ಸುದ್ದಿಯೂ ಇಲ್ಲ.

ಆ ಅಜ್ಜಿಯ ಮಗ ಕ್ರಿಸ್‌ಮಸ್ ಹಾಡು ಕಟ್ಟಿ ಬದುಕುತ್ತಾರೆ. ಸಂಗೀತ ಕಂಪನಿಗೆ ಹಾಡು ಜುಲೈಯ ಸುಡುಬೇಸಿಗೆಯಲ್ಲೇ ಬೇಕು. ಅಂಗಿ ಕಳಚಿ, ತಣ್ಣೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಹಾಡಿನಲ್ಲಿ ಹಿಮ ಸುರಿಸುತ್ತಾರೆ. ಅಚ್ಚಾಗುವ ಹೆಸರು ಮಾತ್ರ ಅವರದಲ್ಲ, ಯಹೂದಿಯದೆಂದು ತಿಳಿಯದಂತೆ ಕಂಪನಿ ಇಟ್ಟದ್ದು. ಬೀದಿಯ ಮಾಂಸದಂಗಡಿಯ ಫೈವಲ್ ಸಿಕ್ಕಾಗಲೆಲ್ಲ ಕೆಣಕುತ್ತಾನೆ: "ಏನಯ್ಯಾ, ನಮ್ಮ ಗುರು ರಬ್ಬಿಗೂ ಈ ವರ್ಷ ಕ್ರಿಸ್‌ಮಸ್ ತಾತನ ಕೆಂಪು ಟೋಪಿ ಹೊಲಿಸಿದ್ಯಾ?"

"ಗಡ್ಡ ಸರಿಯಾಗಿದೆ, ಹೊಟ್ಟೆ ಸಾಲದು. ನಿಂದು ಕೊಡು," ಎನ್ನುತ್ತಾರೆ ಝೆಲಿಗ್.

ಕ್ರಿಸ್‌ಮಸ್ ಮರವಿರುವ ಮನೆಯೊಳಗೆ ಅವರು ಒಮ್ಮೆಯೂ ಹೋದವರಲ್ಲ. "ಚಿಕ್ಕಂದಿನಲ್ಲಿ ಆ ರಾತ್ರಿ ಕಿಟಕಿ ಸಂದಿಗೆ ಕಣ್ಣಿಟ್ಟು ನೋಡ್ತಿದ್ದೆ. ಹಿಮ, ಎದುರುಮನೆ ದೀಪ, ಗಂಟೆ ಸದ್ದು. ನಂಗೊತ್ತಿರೋದು ಅಷ್ಟೇ. ಅದನ್ನೇ ಬರೀತೀನಿ." ಅದಕ್ಕೇ ಇರಬೇಕು, ಅವರ ಹಾಡುಗಳಲ್ಲಿ ಯಾರೋ ಒಬ್ಬರು ಹೊರಗೆ ನಿಂತು ಬೆಳಕಿನ ಕಿಟಕಿಯೊಂದನ್ನು ನೋಡುತ್ತಲೇ ಇರುತ್ತಾರೆ.

ಈ ಸಂಜೆ ಮೂಲೆಯ ಚರ್ಚಿನವರು ನಮ್ಮ ಬೀದಿಯಲ್ಲಿ ಹಾಡುತ್ತ ಬರಲಿದ್ದಾರೆ. ನಿನ್ನೆ ಅವರು ಅಭ್ಯಾಸ ಮಾಡುವುದನ್ನು ಝೆಲಿಗ್ ಹೊರಗಿನಿಂದ ಕೇಳಿಸಿಕೊಂಡು ಬಂದಿದ್ದಾರೆ. ಹಾಡು ಝೆಲಿಗ್ ಕಟ್ಟಿದ್ದೇ.

"ಒಂದೇ ಒಂದು ಸಲ ಕಿಟಕಿ ತೆರೆದಿಟ್ಟು ಕೇಳ್ಬೇಕು ಅಂತ ಆಸೆ," ಎನ್ನುತ್ತಾರೆ ನನ್ನೊಡನೆ. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಅದು ನಂದೇ ಹಾಡಮ್ಮಾ."

"ಹಾಡು ನಿಂದು ಕಣಪ್ಪಾ," ಅಜ್ಜಿ ಇನ್ನೊಂದು ಗಂಟು ಬಿಗಿಯುತ್ತಾರೆ, "ದೊಣ್ಣೆ ಯಾರದು?"

ಝೆಲಿಗ್ ಕಂಬಳಿಯ ಇನ್ನೊಂದು ತುದಿ ಹಿಡಿದು ನಿಂತಿದ್ದಾರೆ. ಕಟ್ಟುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಮಿರೆಲೆ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದು ಕೇಳುತ್ತಾಳೆ:

"ಝೆಲಿಗ್ ಮಾಮಾ, ಆ ಹಾಡು ಈ ಮನೇದು ಅಂತ ಗೊತ್ತಾದ್ಮೇಲೂ ಅವರು ಹಾಡ್ತಾರಾ?"